ಎರಡನೆಯ ಬೆಳಕು

ಕಳೆದ ದಸರೆಯ ರಜೆಯಲ್ಲಿ ಧಾರವಾಡದ ಹಳೆಯ ಮುದ್ರಣಾಲಯವೊಂದರಲ್ಲಿ ನಾನು ಒಂದು ಅಕ್ಷರವನ್ನು ಹಾಳುಮಾಡಿದೆ. ಬರೆದ ಅಕ್ಷರವಲ್ಲ, ಅಚ್ಚಿನ ಮೊಳೆ. ಅದೂ ಸೀಸದ್ದಲ್ಲ, ರೆಸಿನ್ನಿನದು. ಹಿಂದಿನ ಸಂಜೆಯಷ್ಟೇ ಹುಬ್ಬಳ್ಳಿಯ ಒಂದು ಹಲ್ಲಿನ ಲ್ಯಾಬ್‌ನಲ್ಲಿ ಕೆಲಸ ಮಾಡುವ ಗೆಳತಿ ಅದನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಟ್ಟಿದ್ದಳು. ಟ್ರೆಡಲ್ ಮಷಿನ್ ಒಂದೇ ಸಲ ಬಾಯಿ ಮುಚ್ಚಿ ತೆರೆಯಿತು. ಅಕ್ಷರದ ತೆಳುವಾದ ಕೊಂಡಿ ಬಾಗಿ ಪಕ್ಕಕ್ಕೆ ಒರಗಿತ್ತು. ಎರಡನೆಯ ಸಲಕ್ಕೆ ಅದು ಕಿತ್ತೇ ಬಂತು.

ಮುದ್ರಣಾಲಯದ ಅಜ್ಜಾರು ಮೊಳೆಯನ್ನು ಕೈಗೆತ್ತಿಕೊಂಡು ಉಗುರು ಊರಿ ನೋಡಿದರು. ಗುರುತು ಬಿತ್ತು.

"ಇದು ಇನ್ನೂ ಹಸೀನ ಐತಲ್ಲವಾ. ಹಸಿ ಗಡಿಗ್ಯಾಗ ನೀರ ತುಂಬಿದ್ರ ನಿಂದರತೈತೇನ?" ಎಂದರು.

ತಪ್ಪು ನನ್ನದೇ. "ಇದಿನ್ನೂ ಕ್ಯೂರ್ ಆಗಿಲ್ಲ, ಒಂದು ತಾಸು ತಡಿ" ಎಂದು ಗೆಳತಿ ಹೇಳಿದ್ದಳು. ಕೊನೆಯ ಬಸ್ಸಿನ ಗಡಿಬಿಡಿಯಲ್ಲಿ ನಾನು ತಡೆಯಲಿಲ್ಲ. ಆಕಾರ ಬಂದಿತ್ತಲ್ಲ, ಇನ್ನೇನು ಬೇಕು ಎಂದುಕೊಂಡಿದ್ದೆ. ಆ 'ಇನ್ನೇನು' ಎಂಬುದಕ್ಕೂ ಒಂದು ಚರಿತ್ರೆ ಇದೆ ಎಂದು ಗೊತ್ತಾದದ್ದು ಆಮೇಲೆ.

*

ರೆಸಿನ್ನಿನ ಮೊಳೆ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ನನ್ನ ಪಿಎಚ್‌.ಡಿ. ವಿಷಯ ಹಳಗನ್ನಡ ಪಠ್ಯಗಳ ಮುದ್ರಣದ ಇತಿಹಾಸ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದಂದಿನಿಂದ ನಮ್ಮ ಲಿಪಿ ಲೋಹಕ್ಕೆ ಒಗ್ಗಿಕೊಂಡ ಕತೆ ದೊಡ್ಡದು. ಅದರಲ್ಲಿ ನನ್ನನ್ನು ಹಿಡಿದಿಟ್ಟದ್ದು ಎರಡೇ ಅಕ್ಷರ, ಱ ಮತ್ತು ೞ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1894ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟನ್ನು ತೆರೆದರೆ ಇವೆರಡೂ ಕಾಣುತ್ತವೆ. ಬಳಕೆಯಿಂದ ಯಾವತ್ತೋ ಬಿಟ್ಟುಹೋದ ಅಕ್ಷರಗಳಿಗೂ ಯಾರೋ ಮೊಳೆ ಕೊರೆದಿದ್ದರು, ಎರಕ ಹೊಯ್ದಿದ್ದರು.

ಆದರೆ ನಾನು ಹೋಗಿ ನೋಡಿದ ಯಾವ ಮುದ್ರಣಾಲಯದ ಕೇಸಿನಲ್ಲೂ ೞ ಸಿಗಲಿಲ್ಲ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ ಅಚ್ಚು ಹಾಕುವವರಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. ಧಾರವಾಡದ ಅಜ್ಜಾರು ಐವತ್ತು ವರ್ಷ ಮೊಳೆ ಜೋಡಿಸಿದವರು, ಈ ಅಕ್ಷರವನ್ನು ಒಮ್ಮೆಯೂ ಜೋಡಿಸಿರಲಿಲ್ಲ. ದೀಪಾವಳಿಯ ನಂತರ ಮಷಿನ್ನನ್ನು ಗುಜರಿಗೆ ಕೊಡುವುದೆಂದು ಮನೆಯವರು ತೀರ್ಮಾನಿಸಿದ್ದರು. ಅಷ್ಟರೊಳಗೆ ನನಗೊಂದು ಪುಟ ಅಚ್ಚು ಹಾಕಿಕೊಡುವುದಾಗಿ ಅಜ್ಜಾರು ಒಪ್ಪಿದ್ದರು. ನಾನು ಕೇಳಿದ ತಲೆಬರಹ ಒಂದೇ ಶಬ್ದದ್ದು: 'ಪೞಗನ್ನಡ'. ಉಳಿದೆಲ್ಲ ಮೊಳೆಗಳು ಅವರ ಕೇಸಿನಲ್ಲಿದ್ದವು. ೞ ಮಾತ್ರ ನಾನು ತರಬೇಕಿತ್ತು.

*

ಅಜ್ಜಾರ ಬಾಯಿಂದ ಬಂದ 'ಹಸಿ' ಎಂಬ ಮಾತು ಈ ವಿದ್ಯೆಯ ಪರಿಭಾಷೆಗೆ ಎಷ್ಟು ಹತ್ತಿರದ್ದೆಂದು ಓದುತ್ತ ಹೋದಂತೆ ತಿಳಿಯಿತು. ಪ್ರಿಂಟರಿನಿಂದ ಆಗಷ್ಟೇ ಹೊರಬಂದ ರೆಸಿನ್ ವಸ್ತುವನ್ನು ಇಂಗ್ಲಿಷಿನಲ್ಲಿ 'ಗ್ರೀನ್' ಎನ್ನುತ್ತಾರೆ. ಸುಡದ ಮಡಕೆಗೂ ಅದೇ ಹೆಸರು. ನಮ್ಮ 'ಹಸಿ' ಅದಕ್ಕೆ ಸರಿಯಾಗಿ ಕೂರುತ್ತದೆ. ಇನ್ನು ಕ್ಯೂರಿಂಗ್ ಎಂಬ ಮಾತಂತೂ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು. ಸ್ಲ್ಯಾಬ್ ಹಾಕಿದ ಮರುದಿನದಿಂದ ನೀರು ನಿಲ್ಲಿಸದಿದ್ದರೆ ಗಾರೆಯವರು ಬೈಯುತ್ತಾರೆ. ಮರುದಿನವೇ ಸ್ಲ್ಯಾಬ್ ನೋಡಲು ಗಟ್ಟಿಯಾಗಿರುತ್ತದೆ, ಬಲ ಬರಲು ವಾರಗಳು ಬೇಕು.

ರೆಸಿನ್ನಿನ ಒಳಗೆ ನಡೆಯುವುದೂ ಇದಕ್ಕೆ ದೂರದ್ದಲ್ಲ. ತೊಟ್ಟಿಯಲ್ಲಿರುವುದು ಜೇನಿನಂಥ ದ್ರವ. ಅದರಲ್ಲಿ ಸಣ್ಣ ಸಣ್ಣ ಅಣುಗಳ ಜೊತೆಗೆ, ಬೆಳಕು ಬಿದ್ದರೆ ಒಡೆಯುವ ಒಂದು ರಾಸಾಯನಿಕವನ್ನು ಬೆರೆಸಿರುತ್ತಾರೆ. ಅದು ಒಡೆದೊಡನೆ ಅಕ್ಕಪಕ್ಕದ ಅಣುಗಳು ಒಂದರ ಕೈ ಒಂದು ಹಿಡಿಯತೊಡಗಿ ಬಲೆಯಾಗುತ್ತವೆ, ದ್ರವ ಘನವಾಗುತ್ತದೆ. ಪ್ರಿಂಟರ್ ಪ್ರತಿ ಪದರಕ್ಕೂ ಮುಂದಿನ ಪದರವನ್ನು ಹೊರುವಷ್ಟು ಬೆಳಕು ಮಾತ್ರ ಕೊಡುತ್ತದೆ. ಹೆಚ್ಚು ಕೊಟ್ಟರೆ ಬೆಳಕು ಬೇಡದ ಕಡೆಗೂ ಹರಡಿ ಅಂಚು ಮಸುಕಾಗುತ್ತದೆ. ಹಾಗಾಗಿ ಹೊರಬಂದ ವಸ್ತುವಿನೊಳಗೆ ಕೈ ಹಿಡಿಯದೆ ಉಳಿದ ಅಣುಗಳು ಬಹಳ ಇರುತ್ತವೆ. ಅವನ್ನು ಸೇರಿಸುವುದು ಎರಡನೆಯ ಬೆಳಕಿನ ಕೆಲಸ.

*

ಬೆಳಕಿನಿಂದ ರಾಳ ಗಟ್ಟಿಯಾಗುತ್ತದೆ ಎಂಬ ತಿಳಿವು ಇನ್ನೂರು ವರ್ಷ ಹಳೆಯದು. ಅದು ಹುಟ್ಟಿದ್ದೂ ಮುದ್ರಣದ ಮಗ್ಗುಲಲ್ಲೇ. ಫ್ರಾನ್ಸಿನ ನಿಸೆಫೋರ್ ನೀಪ್ಸ್ ಕಲ್ಲಚ್ಚಿನ ಗೀಳು ಹಿಡಿದಿದ್ದ ಮನುಷ್ಯ. ಚಿತ್ರವನ್ನು ಕೈಯಿಂದ ಬಿಡಿಸದೆ ಬೆಳಕಿನಿಂದಲೇ ಫಲಕದ ಮೇಲೆ ಮೂಡಿಸಬಹುದೇ ಎಂದು ಹುಡುಕುತ್ತಿದ್ದ. ಜುಡಿಯಾದ ಬಿಟುಮೆನ್ ಎಂಬ ಕಪ್ಪು ಡಾಂಬರನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ ಲೋಹದ ಫಲಕಕ್ಕೆ ಬಳಿದ. ಬೆಳಕು ತಾಗಿದ ಕಡೆ ಅದು ಗಟ್ಟಿಯಾಯಿತು, ತಾಗದ ಕಡೆ ಎಣ್ಣೆಯಲ್ಲಿ ತೊಳೆದುಹೋಯಿತು. 1826ರಲ್ಲಿ ಹೀಗೆ ಒಬ್ಬ ಕಾರ್ಡಿನಲ್‌ನ ಚಿತ್ರವನ್ನು ಫಲಕಕ್ಕಿಳಿಸಿ ಅಚ್ಚು ತೆಗೆಸಿದ. ಅದೇ ಸುಮಾರಿಗೆ, 1826 ಅಥವಾ 1827ರಲ್ಲಿ, ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಹಿಡಿದ. ಇಂದು ಅದು ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಛಾಯಾಚಿತ್ರ, ಅಮೆರಿಕದ ಟೆಕ್ಸಸ್‌ನಲ್ಲಿದೆ. ಛಾಯಾಗ್ರಹಣದ ಚರಿತ್ರೆ ನೀಪ್ಸ್‌ನನ್ನು ತನ್ನವನೆಂದು ಎತ್ತಿಕೊಂಡಿತು. ನನ್ನ ಕಣ್ಣಿಗೆ ಆತ ರೆಸಿನ್ ಪ್ರಿಂಟರಿನ ಮುತ್ತಜ್ಜನೂ ಹೌದು. ಬೆಳಕು ಬಿದ್ದಲ್ಲಿ ಗಟ್ಟಿ, ಬೀಳದಲ್ಲಿ ತೊಳೆತ ಎಂಬ ಎರಡು ಹೆಜ್ಜೆಗಳು ಇವತ್ತಿಗೂ ಹಾಗೆಯೇ ಇವೆ.

ಆಕಾರದ ಕತೆ ನೀಪ್ಸ್‌ನಿಂದ ಶುರುವಾದರೆ, ಬಲದ ಕತೆಯಲ್ಲಿ ದೊಡ್ಡ ಹೆಸರು ಲಿಯೋ ಬೇಕ್‌ಲ್ಯಾಂಡ್. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ರಸಾಯನಶಾಸ್ತ್ರಜ್ಞನ ಮೊದಲ ಸಂಪಾದನೆಯೂ ಬೆಳಕಿನಿಂದಲೇ ಬಂದದ್ದು. ವೆಲಾಕ್ಸ್ ಎಂಬ ಫೋಟೋ ಕಾಗದವನ್ನು ಮಾಡಿ 1899ರಲ್ಲಿ ಜಾರ್ಜ್ ಈಸ್ಟ್‌ಮನ್‌ಗೆ ಮಾರಿದ. ಆಮೇಲೆ ಅವನ ಕಣ್ಣು ಅರಗಿನ ಮೇಲೆ ಬಿತ್ತು. ಪಾಂಡವರ ಕತೆಯಿಂದ ನಮಗೆ ಚಿರಪರಿಚಿತವಾದ ಅರಗು ಆ ಕಾಲದಲ್ಲಿ ವಿದ್ಯುತ್ ಉಪಕರಣಗಳ ಅವಾಹಕ ಲೇಪಕ್ಕೆ ಬೇಕಾಗಿತ್ತು, ಹೆಚ್ಚಾಗಿ ಭಾರತದಿಂದ ಹೋಗುತ್ತಿತ್ತು. ಅದಕ್ಕೆ ಬದಲಿ ಹುಡುಕಹೊರಟ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ತಲುಪಿದ.

ಅವನು ರಾಳದ ಗಟ್ಟಿಯಾಗುವಿಕೆಯನ್ನು ಮೂರು ಹಂತಗಳಾಗಿ ವಿಂಗಡಿಸಿ, ಎ, ಬಿ, ಸಿ ಎಂದು ಹೆಸರಿಟ್ಟ. ಎ ಹಂತದಲ್ಲಿ ಅದು ಕರಗುತ್ತದೆ. ಬಿ ಹಂತದಲ್ಲಿ ಕರಗುವುದಿಲ್ಲ, ಆದರೆ ಬಿಸಿಗೆ ಮೆದುವಾಗುತ್ತದೆ. ಸಿ ಹಂತ ಮುಟ್ಟಿದರೆ ಕರಗಿಸಲೂ ಆಗದು, ಮೆದು ಮಾಡಲೂ ಆಗದು. ಅಲ್ಲಿಗೆ ಮುಟ್ಟಿಸಲು ಬಿಸಿ ಮತ್ತು ಒತ್ತಡ ಎರಡೂ ಇರುವ ಒಂದು ಪಾತ್ರೆಯನ್ನೇ ಕಟ್ಟಿಸಿದ. ಗಟ್ಟಿಯಾಗಿ ಕಾಣುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ನಡುವೆ ಒಂದು ಮೆಟ್ಟಿಲಿದೆ ಎಂಬುದನ್ನು ಕೈಗಾರಿಕೆಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದವನು ಅವನು. ನನ್ನ ೞ ಬಿ ಹಂತಕ್ಕೆ ಹೋಲುವ ಎಲ್ಲೋ ಒಂದು ಕಡೆ ನಿಂತಿತ್ತು.

ಬೆಳಕು ಮತ್ತು ರಾಳದ ಈ ಎರಡು ದಾರಿಗಳು ಸೇರಿದ್ದು ಮತ್ತೆ ಅಚ್ಚುಮನೆಯಲ್ಲೇ. ಡ್ಯುಪಾಂಟ್ ಕಂಪನಿಯ ಲೂಯಿ ಪ್ಲ್ಯಾಂಬೆಕ್ ಬೆಳಕಿಗೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಿಂದ ಉಬ್ಬಚ್ಚಿನ ಫಲಕ ಮಾಡುವ ವಿಧಾನಕ್ಕೆ 1956ರಲ್ಲಿ ಪೇಟೆಂಟ್ ಪಡೆದರು. ಸೀಸದ ಮೊಳೆಗಳ ಬದಲು ಇಡೀ ಪುಟವೇ ಒಂದು ಪ್ಲಾಸ್ಟಿಕ್ ಫಲಕ. ಇಂಥ ಫಲಕಗಳನ್ನು ಈಗಲೂ ಮಾಡುತ್ತಾರೆ. ಕ್ರಮ ಇಷ್ಟು: ನೆಗೆಟಿವ್ ಇಟ್ಟು ಬೆಳಕು ಕೊಡಬೇಕು, ತೊಳೆಯಬೇಕು, ಒಣಗಿಸಬೇಕು, ಕೊನೆಗೆ ನೆಗೆಟಿವ್ ಇಲ್ಲದೆ ಇಡೀ ಫಲಕಕ್ಕೆ ಇನ್ನೊಮ್ಮೆ ಬೆಳಕು ಕೊಡಬೇಕು. ಈ ಕೊನೆಯ ಸಲದ ಬೆಳಕಿಗೆ ಚಿತ್ರದ ಹಂಗಿಲ್ಲ. ಮೊದಲ ಬೆಳಕು ಅಕ್ಷರ ಯಾವುದೆಂದು ಹೇಳುತ್ತದೆ, ಎರಡನೆಯದು ಆ ಅಕ್ಷರ ಸಾವಿರಾರು ಸಲ ಕಾಗದಕ್ಕೆ ಒತ್ತಿದರೂ ಸವೆಯದಂತೆ ಮಾಡುತ್ತದೆ.

*

ತ್ರೀಡಿ ಪ್ರಿಂಟಿಂಗ್ ಕಂಪ್ಯೂಟರಿನ ಕೂಸು ಎಂದು ನಾನು ನಂಬಿದ್ದೆ. ಅದು ಅಚ್ಚುಮನೆಯ ಕೂಸೂ ಹೌದು ಎಂದು ತಿಳಿದದ್ದು ಹಿದೆಯೊ ಕೊಡಾಮಾ ಅವರ ಕೆಲಸದ ಬಗ್ಗೆ ಓದಿದಾಗ. ಜಪಾನಿನ ನಗೋಯಾ ನಗರದ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು, ಮುದ್ರಣ ಫಲಕಗಳಿಗೆ ಬಳಕೆಯಲ್ಲಿದ್ದ ಬೆಳಕಿನ ರಾಳವನ್ನು ಒಂದರ ಮೇಲೊಂದು ಪದರವಾಗಿ ಗಟ್ಟಿ ಮಾಡುತ್ತ ಹೋದರೆ ಘನವಸ್ತುವೇ ಎದ್ದು ನಿಲ್ಲುತ್ತದಲ್ಲ ಎಂದು ಯೋಚಿಸಿದರು. ಪುಟ್ಟ ಮನೆಯೊಂದರ ಮಾದರಿಯನ್ನು ಹಾಗೆ ಕಟ್ಟಿಯೂ ತೋರಿಸಿದರು. 1980ರ ಮೇ ತಿಂಗಳಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1981ರಲ್ಲಿ ಪ್ರಬಂಧ ಪ್ರಕಟಿಸಿದರು. ಆದರೆ ಅರ್ಜಿಯ ಮುಂದಿನ ಹೆಜ್ಜೆ ಗಡುವಿನೊಳಗೆ ಆಗಲಿಲ್ಲ, ಅದು ಪೇಟೆಂಟ್ ಆಗಲಿಲ್ಲ.

ಫ್ರಾನ್ಸಿನಲ್ಲಿ ಅಲೆನ್ ಲೆ ಮೆಓಟೆ, ಒಲಿವಿಯೆ ದ ವಿಟ್, ಜಾನ್ ಕ್ಲೋದ್ ಆಂದ್ರೆ ಎಂಬ ಮೂವರು 1984ರ ಜುಲೈ 16ರಂದು ಇಂಥದೇ ಅರ್ಜಿ ಸಲ್ಲಿಸಿದರು. ವ್ಯಾಪಾರಕ್ಕೆ ಬರುವಂಥದ್ದಲ್ಲವೆಂದು ಅವರ ಕಂಪನಿಗಳು ಕೈಬಿಟ್ಟವು. ಮೂರು ವಾರ ಕಳೆದು ಆಗಸ್ಟ್ 8ರಂದು ಅಮೆರಿಕದ ಚಕ್ ಹಲ್ ಅರ್ಜಿ ಹಾಕಿದರು. ಮೇಜುಗಳ ಮೇಲಿನ ಲೇಪವನ್ನು ನೇರಳಾತೀತ ದೀಪದಿಂದ ಗಟ್ಟಿ ಮಾಡುವ ಉದ್ಯಮದಲ್ಲಿ ಅವರು ಕೆಲಸ ಮಾಡುತ್ತಿದ್ದರು. 1983ರಲ್ಲೇ ಒಂದು ಪುಟ್ಟ ಬಟ್ಟಲನ್ನು ಪದರ ಪದರವಾಗಿ ಮಾಡಿದ್ದರು. 1986ರ ಮಾರ್ಚ್ 11ರಂದು ಪೇಟೆಂಟ್ ಸಿಕ್ಕಿತು, ಅದೇ ವರ್ಷ ತ್ರೀಡಿ ಸಿಸ್ಟಮ್ಸ್ ಕಂಪನಿ ಹುಟ್ಟಿತು. 1995ರ ರ‍್ಯಾಂಕ್ ಪ್ರಶಸ್ತಿಯನ್ನು ಕೊಡಾಮಾ ಮತ್ತು ಹಲ್ ಹಂಚಿಕೊಂಡರು. ಅಷ್ಟರೊಳಗೆ ಜಗತ್ತಿಗೆ ಒಂದೇ ಹೆಸರು ಗೊತ್ತಾಗಿತ್ತು.

ಈ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಯಂತ್ರ ಬಂತು, ವಸ್ತು ಮೂಡಿತು. ಆದರೆ ಹಲ್ ಅವರ ಯಂತ್ರ ಕೊಂಡವರಿಗೆ ಕಷ್ಟ ಶುರುವಾದದ್ದೇ ಆಮೇಲೆ. ಆಗಿನ ಲೇಸರ್ ಪ್ರತಿ ಪದರದಲ್ಲಿ ಅಂಚುಗಳನ್ನೂ ನಡುವೆ ಜಾಳಿಗೆಯಂಥ ಗೆರೆಗಳನ್ನೂ ಮಾತ್ರ ಗಟ್ಟಿ ಮಾಡುತ್ತಿತ್ತು. ಗೆರೆಗಳ ನಡುವೆ ದ್ರವ ಹಾಗೆಯೇ ಸಿಕ್ಕಿಕೊಂಡಿರುತ್ತಿತ್ತು. ಅದನ್ನು ಗಟ್ಟಿ ಮಾಡಲೆಂದೇ ಕಂಪನಿ ಪಿಸಿಎ ಎಂಬ ಇನ್ನೊಂದು ಪೆಟ್ಟಿಗೆಯನ್ನೂ ಮಾರುತ್ತಿತ್ತು. ಸುತ್ತ ನೇರಳಾತೀತ ದೀಪಗಳು, ನಡುವೆ ವಸ್ತು. ರಾಳ ಗಟ್ಟಿಯಾಗುವಾಗ ಕುಗ್ಗುತ್ತದೆ. ಒಳಗಿನ ದ್ರವವೆಲ್ಲ ಈ ಪೆಟ್ಟಿಗೆಯಲ್ಲಿ ಒಮ್ಮೆಗೇ ಕುಗ್ಗಿದಾಗ ನೆಟ್ಟಗಿದ್ದ ವಸ್ತು ಸೊಟ್ಟಗಾಗುತ್ತಿತ್ತು. ಬಲ ಬಂದರೆ ಆಕಾರ ಹೋಗುತ್ತಿತ್ತು. 1990ರ ಸುಮಾರಿಗೆ ಲೇಸರಿನ ಗೆರೆಗಳನ್ನು ಒತ್ತೊತ್ತಾಗಿ ನೇಯ್ದು, ಬಹುಪಾಲನ್ನು ತೊಟ್ಟಿಯಲ್ಲೇ ಗಟ್ಟಿ ಮಾಡುವ ವಿಧಾನ ಬಂತು. ಅದರ ಹೆಸರೇ 'ವೀವ್', ನೇಯ್ಗೆ. 1993ರಲ್ಲಿ ಕಡಿಮೆ ಕುಗ್ಗುವ ಎಪಾಕ್ಸಿ ರಾಳಗಳು ಬಂದವು. ಆಕಾರ ಮತ್ತು ಬಲದ ಜಗಳ ಒಂದು ಹದಕ್ಕೆ ಬರಲು ಹೀಗೆ ಹತ್ತು ವರ್ಷ ಹಿಡಿಯಿತು.

*

ನನ್ನ ಎರಡನೆಯ ಪ್ರಯತ್ನಕ್ಕೆ ಬರುತ್ತೇನೆ. ಹಸಿಯಾಗಿದ್ದೇ ತಪ್ಪಾದರೆ ಚೆನ್ನಾಗಿ ಬೇಯಿಸೋಣ ಎಂದು ಹೊಸ ಮೊಳೆಯನ್ನು ತಾರಸಿಯ ಬಿಸಿಲಿನಲ್ಲಿ ಎರಡು ದಿನ ಇಟ್ಟೆ. ಬಿಸಿಲಿನಲ್ಲಿ ಬೇಕಾದ ಬೆಳಕು ಇದ್ದೇ ಇದೆ, ಅಳತೆ ಮಾತ್ರ ಇಲ್ಲ. ಮೊಳೆ ಹಳದಿಗೆ ತಿರುಗಿತು, ಉಗುರಿಗೆ ಕಲ್ಲಿನಂತಾಯಿತು. ಮಷಿನ್ನಿನ ಮೊದಲ ಒತ್ತಿಗೇ ಕೊಂಡಿ ಚಟ್ಟನೆ ಸಿಡಿಯಿತು. ಈ ಸಲ ಬಾಗಲಿಲ್ಲ, ಗಾಜಿನಂತೆ ಒಡೆಯಿತು.

ಇದರ ಹಿಂದಿನ ಲೆಕ್ಕ ಫಾರ್ಮ್‌ಲ್ಯಾಬ್ಸ್ ಕಂಪನಿಯ ಪಾರದರ್ಶಕ ರೆಸಿನ್ನಿನ ಮಾಹಿತಿಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಹಸಿಯಾಗಿದ್ದಾಗ ಅದನ್ನು ಎಳೆದು ಹರಿಯಲು 38 ಮೆಗಾಪಾಸ್ಕಲ್ ಸಾಕು. 60 ಡಿಗ್ರಿ ಬಿಸಿಯಲ್ಲಿ 405 ನ್ಯಾನೊಮೀಟರಿನ ಬೆಳಕಿಗೆ ಒಂದು ತಾಸು ಇಟ್ಟಮೇಲೆ 65 ಬೇಕು. ಆದರೆ ಹರಿಯುವ ಮುನ್ನ ಅದು ಹಿಗ್ಗುವ ಪ್ರಮಾಣ ಶೇ. 12ರಿಂದ ಸುಮಾರು 6ಕ್ಕೆ ಇಳಿಯುತ್ತದೆ. ಬಲ ಹೆಚ್ಚುತ್ತ ಹೋದಂತೆ ಬಾಗುವ ಗುಣ ಕಡಿಮೆಯಾಗುತ್ತದೆ. ಅಳತೆ ಮೀರಿದರೆ ಬಲದ ಲಾಭ ನಿಂತು, ಪೆಡಸುತನ ಮಾತ್ರ ಉಳಿಯುತ್ತದೆ.

ಬಿಸಿ ಯಾಕೆ ಬೇಕೆಂಬುದನ್ನು ಗೆಳತಿ ವಿವರಿಸಿದಳು. ಬಲೆ ಬಿಗಿಯಾಗುತ್ತ ಹೋದಂತೆ ಒಳಗೆ ಉಳಿದ ಅಣುಗಳಿಗೆ ಅಲುಗಾಡಲು ಜಾಗವಿರುವುದಿಲ್ಲ. ತುಂಬಿದ ಬಸ್ಸಿನಲ್ಲಿ ಎರಡು ಸೀಟಿನಾಚೆ ಗುರುತಿನವರಿದ್ದರೂ ಹತ್ತಿರ ಹೋಗಲಾಗದಂತೆ. ಬಿಸಿ ಕೊಟ್ಟರೆ ಬಲೆ ಸ್ವಲ್ಪ ಸಡಿಲುತ್ತದೆ, ಉಳಿದವು ಒಂದನ್ನೊಂದು ಮುಟ್ಟುತ್ತವೆ. ಇನ್ನೊಂದು ತೊಡಕು ಗಾಳಿಯದು. ಗಾಳಿಯ ಆಮ್ಲಜನಕ ಈ ಕೈಹಿಡಿಯುವಿಕೆಯನ್ನು ಮೇಲ್ಮೈಯಲ್ಲೇ ತಡೆಯುತ್ತದೆ, ಅದಕ್ಕೇ ಕೆಲವೊಮ್ಮೆ ಎಷ್ಟು ಬೆಳಕು ಕೊಟ್ಟರೂ ಮೇಲೆ ಅಂಟಂಟು ಉಳಿಯುತ್ತದೆ. ವಸ್ತುವನ್ನು ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಬೆಳಕು ಕೊಡುವುದು ಇದಕ್ಕೆ ಸುಲಭದ ಉಪಾಯ. ಅದಕ್ಕೂ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಅದು ಪೂರ್ತಿ ಆರುವವರೆಗೆ ಕಾಯಬೇಕು. ಒಳಗೆ ಆಲ್ಕೊಹಾಲ್ ಉಳಿದರೆ ಬಿರುಕು ಬಿಡಬಹುದು. ಇಷ್ಟೂ ಕೆಲಸಕ್ಕೆ ಕೈಗವಸು ಕಡ್ಡಾಯ. ಹಸಿ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ತೊಳೆದ ನೀರನ್ನು ಚರಂಡಿಗೆ ಚೆಲ್ಲುವಂತಿಲ್ಲ.

ಚಿಕ್ಕ ವಸ್ತುವಿಗೆ ಈ ಹದ ಇನ್ನೂ ಸೂಕ್ಷ್ಮ. ತೆಳುವಾದ ಕೊಂಡಿಯ ಆರಪಾರ ಬೆಳಕು ಬೇಗ ಹೋಗುತ್ತದೆ, ಬೇಗ ಗಟ್ಟಿಯಾಗಿ ಬೇಗ ಪೆಡಸೂ ಆಗುತ್ತದೆ. ಆದರೆ ಅಚ್ಚಿನ ಮೊಳೆಯ ಎತ್ತರ ಸುಮಾರು 23.3 ಮಿಲಿಮೀಟರ್. ಆ ದಪ್ಪದ ಬುಡದೊಳಕ್ಕೆ ಬಣ್ಣದ ರೆಸಿನ್‌ನಲ್ಲಿ ಬೆಳಕು ಇಳಿಯುವುದೇ ಇಲ್ಲ. ಬುಡಕ್ಕೆ ಸಾಲುವಷ್ಟು ಕೊಟ್ಟರೆ ಮುಖ ಒಡೆಯುತ್ತದೆ, ಮುಖಕ್ಕೆ ಸರಿಯಾದರೆ ಬುಡ ಹಸಿ.

ಈ ಗಂಟನ್ನು ಬಿಡಿಸಿದವರು ಅಜ್ಜಾರು. "ಇಷ್ಟ ದಪ್ಪ ಯಾಕ ಮಾಡಸ್ತಿ? ಮೊದಲ ನಾವು ಚಿತ್ರದ ಬ್ಲಾಕ್ ಹೆಂಗ ಕೂಡಸತಿದ್ವಿ, ಹಂಗ ಕಟ್ಟಿಗಿ ಮ್ಯಾಲ ಕೂಡಸು," ಎಂದರು. ಚಿತ್ರ ಅಚ್ಚು ಹಾಕಬೇಕಾದಾಗ ಸತುವಿನ ತೆಳು ತಗಡನ್ನು ಮರದ ತುಂಡಿನ ಮೇಲೆ ಬಡಿದು ಮೊಳೆಯ ಎತ್ತರಕ್ಕೆ ತರುವುದು ಅವರ ಕಾಲದ ದಿನನಿತ್ಯದ ಕೆಲಸ. ಗೆಳತಿಗೆ ಫೋನ್ ಮಾಡಿದೆ. ಅಕ್ಷರದ ಮುಖವನ್ನು ಮಾತ್ರ 4 ಮಿಲಿಮೀಟರ್ ದಪ್ಪದಲ್ಲಿ ಮಾಡಿದಳು. ತೊಳೆದು, ಆರಿಸಿ, ನೀರಿನಲ್ಲಿಟ್ಟು, ಆಗಾಗ ತಿರುಗಿಸಿ, 60 ಡಿಗ್ರಿಯಲ್ಲಿ ಬೆಳಕು ಕೊಟ್ಟೆವು. ಈ ಸಲ ಪೂರ್ತಿ ಒಂದು ತಾಸು ನಾನು ಪಕ್ಕದಲ್ಲೇ ಕುಳಿತಿದ್ದೆ.

ಅಜ್ಜಾರು ಸಾಗವಾನಿಯ ತುಂಡನ್ನು ಉಜ್ಜಿ ಉಜ್ಜಿ ಎತ್ತರ ಹೊಂದಿಸಿದರು. ಕಾಗದದ ಚೂರು ಅಡಿಗಿಟ್ಟು, ತೆಗೆದು, ಮತ್ತೆ ಇಟ್ಟರು. ಸ್ಟಿಕ್‌ನಲ್ಲಿ ಪ ಕೂಡಿಸಿ, ಅದರ ಪಕ್ಕ ೞ ಇಟ್ಟು, ಒಂದು ಕ್ಷಣ ಬೆರಳು ಸವರಿದರು. ಆಮೇಲೆ ಗ, ನ್ನ, ಡ. ನಲವತ್ತು ಪ್ರತಿ ತೆಗೆದೆವು. ಮೂವತ್ತರ ನಂತರ ೞದ ಅಂಚು ತುಸು ದುಂಡಗಾದದ್ದು ಕಂಡಿತು. ಅಕ್ಷರ ಮಾತ್ರ ನಿಂತಿತ್ತು.

*

ಮಷಿನ್ ತುಳಸಿ ಲಗ್ನಕ್ಕೆ ಮೊದಲೇ ಹೋಯಿತು. ನನ್ನ ಪ್ರಬಂಧದ ಒಂದು ಅಧ್ಯಾಯವೂ ಬದಲಾಯಿತು. ಅಲ್ಲಿಯವರೆಗೆ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ, ಈ ಅಕ್ಷರವನ್ನು ಮೊದಲು ಕೊರೆದವರು ಯಾರು, ಯಾವ ವರ್ಷ ಎಂಬುದು. ತ್ರೀಡಿ ಪ್ರಿಂಟಿಂಗಿನ ಚರಿತ್ರೆಯಲ್ಲೂ ಜನ ಕೇಳುವುದು ಇದನ್ನೇ: ಮೊದಲು ಯಾರು, 1980ರಲ್ಲೋ 1984ರಲ್ಲೋ, ಜುಲೈನಲ್ಲೋ ಆಗಸ್ಟಿನಲ್ಲೋ. ಮೊದಲ ಬೆಳಕಿನ ಲೆಕ್ಕವನ್ನು ಚರಿತ್ರೆ ತಾರೀಖು ಸಹಿತ ಇಡುತ್ತದೆ. ಸೊಟ್ಟಗಾದ ವಸ್ತುಗಳ ಎದುರು ವರ್ಷಗಟ್ಟಲೆ ಕುಳಿತು ಅವನ್ನು ನೆಟ್ಟಗೆ ಮಾಡಿದವರ ಹೆಸರುಗಳು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಸೀಸದ ಮೊಳೆಯೂ ಎರಕದಿಂದ ಹೊರಬಂದ ಕೂಡಲೇ ಕೆಲಸಕ್ಕೆ ಬರುತ್ತಿರಲಿಲ್ಲ. ಅದರ ಬಾಲ ಮುರಿಯಬೇಕಿತ್ತು, ಪಕ್ಕಗಳನ್ನು ಉಜ್ಜಬೇಕಿತ್ತು, ಬುಡ ಹೆರೆದು ಎಲ್ಲ ಮೊಳೆಗಳನ್ನೂ ಒಂದೇ ಎತ್ತರಕ್ಕೆ ತರಬೇಕಿತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅಕ್ಷರ ಮೂಡದು. ಆ ಉಜ್ಜುವ ಕೈಗಳು ಯಾರವು ಎಂದು ನಾನು ಕೇಳಿಯೇ ಇರಲಿಲ್ಲ. ಈಗ ಹಳೆಯ ಕಡತಗಳನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ. ಮೊಳೆ ಕೊರೆದವರ ಹೆಸರಿನ ಜೊತೆಗೆ ಕೂಲಿಯ ಲೆಕ್ಕಗಳನ್ನೂ ನೋಡುತ್ತಿದ್ದೇನೆ.

ನಲವತ್ತರಲ್ಲಿ ಒಂದು ಪ್ರತಿ ನನ್ನ ಮೇಜಿನ ಮೇಲಿದೆ. ರೆಸಿನ್ನಿನ ಆ ೞವನ್ನು ಅಜ್ಜಾರು ಕೇಳಿ ಇಟ್ಟುಕೊಂಡರು. ಕೇಸು ಖಾಲಿಯಾಗಿ ಸೀಸವೆಲ್ಲ ತೂಕಕ್ಕೆ ಹೋದ ದಿನ, ಅದೊಂದು ಮಾತ್ರ ಅವರ ಜೇಬಿನಲ್ಲಿತ್ತು.